ಅಟ್ಟದ ಹಂಚು, ಏಳು ಭಾನುವಾರ ಮತ್ತು ಮನೆಯ ಬೆಣ್ಣೆ ದೋಸೆ

ಬೆಣ್ಣೆ ದೋಸೆ ಹಂಚಿನಿಂದ ನೇರವಾಗಿ ತಟ್ಟೆಗೆ ಬಂದು, ಬಿಸಿಯಾರುವ ಮೊದಲೇ ಮುಗಿಯಬೇಕಾದ ತಿಂಡಿ. ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ತರುವಷ್ಟರಲ್ಲಿ ಅದು ತನ್ನದೇ ಹಬೆಯಲ್ಲಿ ಮೆತ್ತಗಾಗಿ, ಬೆಣ್ಣೆಯೆಲ್ಲ ಕಾಗದಕ್ಕೆ ಇಳಿದು, ತಳದ ಗರಿ ಹೋಗಿ, ಹೆಸರಿಗಷ್ಟೇ ದೋಸೆಯಾಗಿ ಉಳಿದಿರುತ್ತದೆ. ನಮ್ಮ ಅತ್ತೆಯವರಿಗೆ 81 ವರ್ಷ. ಜೂನ್ ತಿಂಗಳಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ವಾಕರ್ ಹಿಡಿದು ಕೋಣೆಯಿಂದ ನಡುಮನೆಯವರೆಗೆ ನಡೆಯುವಷ್ಟು ಚೇತರಿಸಿಕೊಂಡಿದ್ದಾರೆ; ಆದರೆ ಹೋಟೆಲಿನ ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕೂರುವುದು ಇನ್ನು ಅವರಿಂದಾಗದು. ಮೂರು ಸಲ ಪಾರ್ಸೆಲ್ ತಂದುಕೊಟ್ಟೆವು. ಮೂರನೆಯ ಸಲ ಅರ್ಧ ತಿಂದು ತಟ್ಟೆ ಸರಿಸಿ, "ಬ್ಯಾಡವ್ವ, ಇದ್ಕಿಂತ ಮನ್ಯಾಗಿನ ರೊಟ್ಟಿನೇ ಚಲೋ" ಎಂದರು. ಆ ದೋಸೆಯನ್ನು ಮನೆಯಲ್ಲೇ ಹದಕ್ಕೆ ತರಬೇಕೆಂದು ನಾನು ನಿಶ್ಚಯಿಸಿದ್ದು ಅಂದು ಸಂಜೆ.

ನಮ್ಮ ಮನೆಯಲ್ಲಿ ದೋಸೆ ಆಗುತ್ತಿರಲಿಲ್ಲವೆಂದಲ್ಲ. ವಾರಕ್ಕೆರಡು ಸಲ ನಾನ್‌ಸ್ಟಿಕ್ ತವೆಯ ಮೇಲೆ ತೆಳ್ಳಗೆ ಹರಡಿ, ಮೇಲೊಂದು ಚಮಚ ಬೆಣ್ಣೆ ಹಾಕಿ ಕೊಡುತ್ತಿದ್ದೆ. ಅದು ಬೆಣ್ಣೆ ಹಾಕಿದ ದೋಸೆ, ಬೆಣ್ಣೆ ದೋಸೆಯಲ್ಲ. ನಮ್ಮ ಊರಿನ ದೋಸೆಗೆ ತಳ ಕೆಂಪಗೆ ಗರಿಯಾಗಿರಬೇಕು, ಮೇಲ್ಮೈ ಜೇನುಗೂಡಿನಂತೆ ತೂತುತೂತಾಗಿರಬೇಕು, ಇವೆರಡರ ನಡುವೆ ಅರ್ಧ ಬೆರಳಿನಷ್ಟು ಮೃದುವಾದ ಭಾಗ ಇರಬೇಕು. ಒಂದೇ ದೋಸೆಯಲ್ಲಿ ಈ ಮೂರೂ ಸೇರುವುದು ಹೇಗೆಂದು ತಿಳಿಯಲು ನನಗೆ ಏಳು ಭಾನುವಾರ ಹಿಡಿಯಿತು. ಪ್ರತಿವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ.

2025ರ ನವೆಂಬರ್ 9

ಹೊಸ ಹಂಚು ಕೊಳ್ಳಲು ಹೊರಟಿದ್ದವಳನ್ನು ತಡೆದವರು ಅತ್ತೆಯವರೇ. ಅಟ್ಟದ ಮೇಲೆ ತಮ್ಮ ಅತ್ತೆಯ ಕಾಲದ ಹಂಚು ಇರಬೇಕೆಂದು ಹೇಳಿದರು. ಯಜಮಾನರು ಏಣಿ ಹತ್ತಿ, ತಾಮ್ರದ ಕೊಪ್ಪರಿಗೆಯ ಹಿಂದಿನಿಂದ ಒಂದು ಬಟ್ಟೆ ಚೀಲವನ್ನು ಎಳೆದು ತಂದರು. ಚೀಲದ ಮೇಲೆ ಅಂಗಡಿಯ ವಿಳಾಸ ಅರೆಬರೆ ಅಳಿಸಿದ್ದರೂ "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಎಂಬುದನ್ನು ಓದಬಹುದಿತ್ತು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಹಂಚು ಈ ಚೀಲದೊಳಗೆ ಸೇರಿ ಕಡಿಮೆಯೆಂದರೂ 28 ವರ್ಷವಾಗಿರಬೇಕು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಆ ಮೂಲೆ ಸೋರಿತ್ತು. ಚೀಲದ ತಳ ಹಂಚಿಗೆ ಅಂಟಿಕೊಂಡಿದ್ದು, ಬಿಡಿಸಿದಾಗ ತುಕ್ಕಿನ ಪದರವೊಂದು ಬಟ್ಟೆಯ ಜೊತೆಗೇ ಎದ್ದು ಬಂದಿತು.

ಅಳೆದು ನೋಡಿದೆ. ಅಡ್ಡಗಲ 31 ಸೆಂಟಿಮೀಟರ್, ದಪ್ಪ ಸುಮಾರು 6 ಮಿಲಿಮೀಟರ್, ತೂಕ 3 ಕಿಲೋ 300 ಗ್ರಾಂ. ಎರಡು ಬದಿಯಲ್ಲಿ ಕಿವಿಗಳಿವೆ. ಹಿಂಬದಿ ಮರಳಿನ ಅಚ್ಚಿನ ಗುರುತಿನಿಂದ ತರಿತರಿಯಾಗಿರುವುದರಿಂದ ಇದು ತಗಡನ್ನು ಬಡಿದು ಮಾಡಿದ್ದಲ್ಲ, ಎರಕ ಹೊಯ್ದ ಬೀಡು ಎಂಬುದು ಖಚಿತವಾಯಿತು. ಬೀಡು ಬಹಳ ಕಾಲ ಬಾಳುತ್ತದೆ, ಆದರೆ ಬಿರುಕು ಬಿಟ್ಟರೆ ಮುಗಿಯಿತು. ಹಾಗಾಗಿ ಮೊದಲು ಒಂದು ಕಿವಿಗೆ ಹಗ್ಗ ಕಟ್ಟಿ ತೂಗುಬಿಟ್ಟು, ಮರದ ಸೌಟಿನಿಂದ ಮೆಲ್ಲಗೆ ತಟ್ಟಿದೆ. ಬಿರುಕಿದ್ದರೆ ಒಡಕು ಮಡಕೆಯಂತೆ ಮಂಕಾದ ಸದ್ದು ಬರುತ್ತದೆ. ಇದು ಗಂಟೆಯಂತೆ ನಾದ ಹೊಮ್ಮಿಸಿತು. ಆ ನಾದ ಕೇಳಿದ ಮೇಲೆಯೇ ಕೆಲಸಕ್ಕೆ ಕೈ ಹಾಕಿದೆ.

ತುಕ್ಕು ತೆಗೆಯಲು ಹುಣಸೆಹಣ್ಣನ್ನೇ ಆರಿಸಿಕೊಂಡೆ. 150 ಗ್ರಾಂ ಹಳೆಯ ಹುಣಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ಕಿವುಚಿ, ಒಂದು ಹಿಡಿ ಕಲ್ಲುಪ್ಪು ಸೇರಿಸಿ ಎರಡೂ ಬದಿಗೆ ಮೆತ್ತಿ 40 ನಿಮಿಷ ಬಿಟ್ಟೆ. ಹುಣಸೆಯ ಹುಳಿ ತುಕ್ಕನ್ನು ಕರಗಿಸುತ್ತದೆ, ಉಪ್ಪಿನ ಹರಳು ಉಜ್ಜಲು ನೆರವಾಗುತ್ತದೆ. ತೆಂಗಿನ ನಾರಿನಿಂದ ಉಜ್ಜಿದಾಗ ಮೊದಲ ಸಲ ಕಾಫಿಯ ಬಣ್ಣದ ರಸ ಹರಿಯಿತು. ಎರಡನೆಯ ಸಲಕ್ಕೆ ಅದು ತಿಳಿಯಾಯಿತು. ರಾತ್ರಿಯಿಡೀ ಹುಳಿಯಲ್ಲಿ ಬಿಡಬೇಡಿರೆಂದು ಹೇಳುತ್ತೇನೆ, ಏಕೆಂದರೆ ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನತೊಡಗಿ ಮೇಲ್ಮೈಯಲ್ಲಿ ಕುಳಿ ಬೀಳಿಸುತ್ತದೆ. ಸೋರಿಕೆಯ ನೀರು ನಿಂತಿದ್ದ ನಡುಭಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಹುಣಸೆಗೆ ಬಗ್ಗಲಿಲ್ಲ. ಅಲ್ಲಿಗೆ 120ನೇ ನಂಬರಿನ ಎಮರಿ ಕಾಗದ ಹಿಡಿದು, ಅದರ ಗೆರೆ ಅಳಿಸಲು 220ರಿಂದ ಇನ್ನೊಮ್ಮೆ ಉಜ್ಜಿದೆ.

ಇಲ್ಲಿ ಒಂದು ಪಾಠವಾಯಿತು. ಬೂದಿ ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ ಕಟ್ಟೆಯ ಮೇಲಿಟ್ಟು, ಫೋನಿನಲ್ಲಿ ಎರಡು ಮಾತಾಡಿ ಬರುವಷ್ಟರಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಕಬ್ಬಿಣದ ಮೇಲೆ ಕಿತ್ತಳೆ ಬಣ್ಣದ ತೆಳು ಪರೆ ಕೂತಿತ್ತು. ಬರಿಯ ಕಬ್ಬಿಣಕ್ಕೆ ತೇವವೂ ಗಾಳಿಯೂ ಒಟ್ಟಿಗೆ ಸಿಕ್ಕರೆ ತುಕ್ಕು ಹಿಡಿಯಲು ಗಂಟೆಗಳು ಬೇಡ, ನಿಮಿಷಗಳು ಸಾಕು. ಮತ್ತೆ ಉಜ್ಜಿ, ತೊಳೆದ ತಕ್ಷಣ ಸಣ್ಣ ಉರಿಯ ಮೇಲಿಟ್ಟು ನೀರೆಲ್ಲ ಆರಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರಿಟ್ಟೆ.

ನವೆಂಬರ್ 16: ಪಳಗಿಸಿದ್ದು

ಹಂಚನ್ನು ಪಳಗಿಸುವುದೆಂದರೆ ಎಣ್ಣೆ ಕುಡಿಸುವುದೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನಿಜದಲ್ಲಿ ಎಣ್ಣೆ ಕಬ್ಬಿಣದೊಳಗೆ ಇಳಿಯುವುದಿಲ್ಲ. ಹೊಗೆಯಾಡುವಷ್ಟು ಕಾವಿನಲ್ಲಿ ಅದರ ಕಣಗಳು ಗಾಳಿಯೊಡನೆ ಸೇರಿ ಒಂದಕ್ಕೊಂದು ಬೆಸೆದುಕೊಂಡು, ಗಟ್ಟಿಯಾದ ಪರೆಯಾಗಿ ಮೇಲ್ಮೈಗೆ ಅಂಟುತ್ತವೆ. ಈ ವ್ಯತ್ಯಾಸ ತಿಳಿಯದೆ ಮೊದಲ ಯತ್ನದಲ್ಲಿ ಎರಡು ಚಮಚ ಸೂರ್ಯಕಾಂತಿ ಎಣ್ಣೆ ಸುರಿದು ಅರ್ಧ ಗಂಟೆ ಕಾಯಿಸಿದೆ. ಎಣ್ಣೆ ಹನಿಹನಿಯಾಗಿ ಕೂಡಿ, ಹಲಸಿನ ಮೇಣದಂತೆ ಅಂಟುವ ಕಂದು ಮಚ್ಚೆಗಳಾದವು. ಅದನ್ನೆಲ್ಲ ಕೆರೆದು ತೆಗೆಯಲು ಮುಂಜಾನೆಯ ಅರ್ಧ ಭಾಗ ಹೋಯಿತು.

ಎರಡನೆಯ ಯತ್ನದಲ್ಲಿ ಅರ್ಧ ಚಮಚ ಎಣ್ಣೆಯನ್ನು ಇಡೀ ಹಂಚಿಗೆ ಹಚ್ಚಿ, ಆಮೇಲೆ ಒಣ ಹತ್ತಿಬಟ್ಟೆಯಿಂದ, ತಪ್ಪಿ ಹಚ್ಚಿದ್ದನ್ನು ಪೂರ್ತಿ ತೆಗೆಯುತ್ತಿದ್ದೇನೆ ಎಂಬಂತೆ ಒರೆಸಿದೆ. ಕಣ್ಣಿಗೆ ಕಾಣದಷ್ಟು ಉಳಿದರೆ ಸಾಕು. ಕಿಟಕಿ ತೆರೆದಿಟ್ಟು, ನಡು ಉರಿಯಲ್ಲಿ ಹೊಗೆ ಶುರುವಾದ ಮೇಲೆ 15 ನಿಮಿಷ ಕಾಯಿಸಿ, ಆರಲು ಬಿಟ್ಟು, ಮತ್ತೆ ಅಷ್ಟೇ ತೆಳ್ಳಗೆ ಹಚ್ಚಿದೆ. ಹೀಗೆ ಐದು ಸಲ. ಬೂದು ಬಣ್ಣದ ಕಬ್ಬಿಣ ಎರಡನೆಯ ಸುತ್ತಿಗೆ ಬೆಲ್ಲದ ಬಣ್ಣಕ್ಕೆ, ನಾಲ್ಕನೆಯದಕ್ಕೆ ಸುಟ್ಟ ಕಾಫಿಬೀಜದ ಬಣ್ಣಕ್ಕೆ, ಐದನೆಯದಕ್ಕೆ ಕಪ್ಪಿಗೆ ತಿರುಗಿತು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆಯವರು, ತಮ್ಮ ಕಾಲದಲ್ಲಿ ಹೊಸ ಹಂಚಿಗೆ ಎರಡು ದಿನ ಗಂಜಿ ಹಾಕಿಡುತ್ತಿದ್ದುದನ್ನೂ, ಮೂರನೆಯ ದಿನ ಈರುಳ್ಳಿ ಹುರಿದು ಚೆಲ್ಲುತ್ತಿದ್ದುದನ್ನೂ ಹೇಳಿದರು. ಪರೆ ಕೂತಾಗಿದ್ದರಿಂದ ಗಂಜಿಯನ್ನು ಬಿಟ್ಟೆ. ಈರುಳ್ಳಿಯನ್ನು ಅವರು ಹೇಳಿದಂತೆಯೇ ಎರಡು ಚಮಚ ಎಣ್ಣೆಯಲ್ಲಿ ಕಪ್ಪಗಾಗುವವರೆಗೆ ಹುರಿದು ಚೆಲ್ಲಿದೆ. ಸುಟ್ಟ ಎಣ್ಣೆಯ ಕಮಟು ವಾಸನೆ ಅದರೊಡನೆ ಹೋಯಿತು.

ನವೆಂಬರ್ 23

ಮೊದಲ ಹಿಟ್ಟು, ಮೊದಲ ಸೋಲು. ಪರಿಚಯದವರೊಬ್ಬರು ಹೇಳಿದ್ದ ಅಳತೆ ಹೀಗಿತ್ತು: ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಲೋಟ ಮಂಡಕ್ಕಿ, ಒಂದು ಚಮಚ ಮೆಂತ್ಯ. ಅಕ್ಕಿಯೂ ಬೇಳೆಯೂ ಮಂಡಿಪೇಟೆಯಿಂದ ತಂದವು. ಶನಿವಾರ ಸಂಜೆ ರುಬ್ಬಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟಲ್ಲೇ ಇತ್ತು. ಒಂದು ಗುಳ್ಳೆಯೂ ಎದ್ದಿರಲಿಲ್ಲ. ಆದರೂ ಹುಯ್ದು ನೋಡಿದೆ. ಬಿಳಿಚಿಕೊಂಡ, ಚರ್ಮದಂತೆ ಎಳೆದರೆ ಹಿಗ್ಗುವ ದೋಸೆಗಳಾದವು. ಮೊದಲ ಎರಡು ನಡುವಿನಲ್ಲಿ ಅಂಟಿ ಹರಿದವು. ಅಂಚಿನಲ್ಲಿ ಹಸಿ, ನಡುವಿನಲ್ಲಿ ಕರಿ. ಅತ್ತೆಯವರು ಏನೂ ಹೇಳದೆ ತಿಂದರು. ಹೇಳದಿದ್ದದ್ದೇ ನನಗೆ ಹೆಚ್ಚು ನೋವಾಯಿತು.

ಆ ರಾತ್ರಿ ಕೂತು ತಪ್ಪುಗಳನ್ನು ಬಿಡಿಸಿ ಬರೆದೆ. ಹಿಟ್ಟಿನದು ಒಂದು, ಹಂಚಿನ ಕಾವಿನದು ಇನ್ನೊಂದು. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಾದ್ದರಿಂದ, ಮೊದಲು ಹಿಟ್ಟನ್ನು ಸರಿಪಡಿಸಿಕೊಳ್ಳಲು ತೀರ್ಮಾನಿಸಿದೆ.

ನವೆಂಬರ್ 30: ಮಂಡಕ್ಕಿಯ ತೂಕ

ಇಡೀ ಕೆಲಸದಲ್ಲಿ ನನ್ನ ಕಣ್ಣು ತೆರೆಸಿದ ದಿನ ಇದು. ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಹಾಕುತ್ತಾರೆಂಬುದು ದಾವಣಗೆರೆಯಲ್ಲಿ ಮಕ್ಕಳಿಗೂ ಗೊತ್ತು. ಭಟ್ಟಿಗಳಲ್ಲಿ ಮಂಡಕ್ಕಿ ಹುರಿಯುವ ಊರಿನಲ್ಲಿ ಅದು ಹಿಟ್ಟಿಗೂ ಸೇರಿದ್ದು ಸಹಜವೇ. ಆದರೆ ಎಷ್ಟು ಹಾಕಬೇಕೆಂದು ಕೇಳಿದರೆ ಒಬ್ಬರು ಒಂದು ಲೋಟವೆಂದರು, ಇನ್ನೊಬ್ಬರು ಒಂದು ಬೊಗಸೆಯೆಂದರು, ಮತ್ತೊಬ್ಬರು ಅಕ್ಕಿಯ ಸಮಸಮ ಎಂದರು. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದು ಲೋಟವನ್ನೂ ತೂಗಿ ನೋಡಿದೆ. ಒಂದು ಲೋಟ ಅಕ್ಕಿ 200 ಗ್ರಾಂ ತೂಗಿದರೆ, ಅದೇ ಲೋಟದಲ್ಲಿ ಮಂಡಕ್ಕಿ ಬರಿಯ 14 ಗ್ರಾಂ. ಸ್ವಲ್ಪ ಒತ್ತಿ ತುಂಬಿದರೆ 19. ಆರುನೂರು ಗ್ರಾಂ ಅಕ್ಕಿಗೆ 14 ಗ್ರಾಂ ಮಂಡಕ್ಕಿ ಹಾಕಿ ನಾನು ಮೃದುತ್ವವನ್ನು ನಿರೀಕ್ಷಿಸಿದ್ದೆ!

ಮಂಡಕ್ಕಿ ಒಮ್ಮೆ ಬೆಂದು, ಒಣಗಿ, ಕಾದ ಮರಳಿನಲ್ಲಿ ಅರಳಿದ ಅಕ್ಕಿ. ಅದರ ಪಿಷ್ಟ ಆಗಲೇ ಬೆಂದಿರುವುದರಿಂದ ನೀರನ್ನು ಬೇಗ ಹೀರಿ ಹಿಡಿದುಕೊಳ್ಳುತ್ತದೆ, ಹಸಿ ಅಕ್ಕಿಯ ತರಿಗಳ ನಡುವೆ ಅಂಟಿನಂತೆ ನಿಂತು ಗುಳ್ಳೆಗಳನ್ನು ಒಡೆಯಗೊಡುವುದಿಲ್ಲ. ಹೆಚ್ಚಾದರೆ ಮಾತ್ರ ಆ ಅಂಟೇ ಮುಳುವು. ಎಷ್ಟು ಸಾಕೆಂದು ತಿಳಿಯಲು 500 ಗ್ರಾಂ ಅಕ್ಕಿ, 125 ಗ್ರಾಂ ಉದ್ದಿನಬೇಳೆ, 5 ಗ್ರಾಂ ಮೆಂತ್ಯದ ಲೆಕ್ಕದಲ್ಲಿ ಮೂರು ಪಾತ್ರೆ ಹಿಟ್ಟು ಮಾಡಿದೆ. ಮೊದಲನೆಯದಕ್ಕೆ 15 ಗ್ರಾಂ, ಎರಡನೆಯದಕ್ಕೆ 45, ಮೂರನೆಯದಕ್ಕೆ 75 ಗ್ರಾಂ ಮಂಡಕ್ಕಿ. (ಹೀಗೆ ಮಾಡುವವರು ಕಾಲು ಅಳತೆಯಲ್ಲಿ ಮಾಡಿರಿ, ಮೂರೂ ಪೂರ್ಣ ಅಳತೆಯಾಗಿ, ನಮ್ಮ ಬೀದಿಯ ಐದು ಮನೆಗೆ ಹಿಟ್ಟು ಹಂಚಬೇಕಾಯಿತು.) 15 ಗ್ರಾಮಿನದು ಗರಿಯಾಯಿತು, ಆರಿದೊಡನೆ ಹಪ್ಪಳವಾಯಿತು. 75 ಗ್ರಾಮಿನದು ಮೇಲೆ ಬೆಂದಂತೆ ಕಂಡರೂ ಒಳಗೆ ಹಸಿ ಅಂಬಲಿಯಂತೆ ಅಂಟಿತು. 45 ಗ್ರಾಮಿನದು ತಳದಲ್ಲಿ ಗರಿ, ಮೇಲೆ ತೂತು, ನಡುವೆ ಮೃದು. ಆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಅಡಿಗೆರೆ ಎಳೆದು ಬರೆದೆ.

ಮಂಡಕ್ಕಿಯನ್ನು ಅಕ್ಕಿಯ ಜೊತೆ ಐದು ಗಂಟೆ ನೆನೆಸಬಾರದು. ರುಬ್ಬುವುದಕ್ಕೆ ಹತ್ತು ನಿಮಿಷ ಮುಂಚೆ ಅಗಲವಾದ ಪಾತ್ರೆಯ ನೀರಿನಲ್ಲಿ ಹಾಕಿ, ಕೈಯಿಂದ ಮೇಲೆತ್ತಿ ಹಿಂಡಿಕೊಳ್ಳಬೇಕು. ಪಾತ್ರೆಯನ್ನು ಬಗ್ಗಿಸಿ ಸೋಸಿದರೆ ತಳದಲ್ಲಿ ಕೂತ ಸಣ್ಣ ಮರಳೂ ಹಿಟ್ಟಿಗೆ ಬರುತ್ತದೆ. ಹುರಿಯುವ ಮುನ್ನ ಅಕ್ಕಿಗೆ ಉಪ್ಪುನೀರು ಬೆರೆಸಿರುವುದರಿಂದ ಮಂಡಕ್ಕಿಯಲ್ಲಿ ಉಪ್ಪಿರುತ್ತದೆ ಎಂಬುದನ್ನೂ ನೆನಪಿಟ್ಟು ಹಿಟ್ಟಿಗೆ ಉಪ್ಪು ಹಾಕಬೇಕು. ಮೈದಾ ಸೇರಿಸಿದರೆ ಬಣ್ಣ ಬರುತ್ತದೆಂದು ಇಬ್ಬರು ಹೇಳಿದರು. ಒಮ್ಮೆ ಹಾಕಿ ನೋಡಿದೆ, ಬಣ್ಣ ಬಂದದ್ದು ನಿಜ, ಆದರೆ ಹಲ್ಲಿಗೆ ರಬ್ಬರಿನಂತೆ ಸಿಕ್ಕಿತು, ಮತ್ತೆ ಹಾಕಲಿಲ್ಲ. ಬಣ್ಣಕ್ಕೆ ಒಂದು ಚಮಚ ಸಕ್ಕರೆ ಸಾಕು.

ಹಿಟ್ಟು ಉಬ್ಬದಿರುವುದಕ್ಕೆ ಕಾರಣ ಚಳಿ. ನಮ್ಮ ಊರಿನ ಬೇಸಿಗೆಯಲ್ಲಿ ಎಂಟು ಗಂಟೆಗೆ ಪಾತ್ರೆಯಿಂದ ಉಕ್ಕಿ ಬರುವ ಹಿಟ್ಟು, ನವೆಂಬರ್ ಕೊನೆಯ ರಾತ್ರಿಗಳಲ್ಲಿ ಅಡುಗೆಮನೆ 20 ಡಿಗ್ರಿಗೆ ಇಳಿದಾಗ ಮಲಗಿಬಿಡುತ್ತದೆ. ಉದ್ದಿನಬೇಳೆಯಲ್ಲಿ ಸಹಜವಾಗಿಯೇ ಇರುವ ಲ್ಯೂಕೋನೋಸ್ಟಾಕ್‌ನಂಥ ಸೂಕ್ಷ್ಮಜೀವಿಗಳು ಹುಳಿಯನ್ನೂ ಗಾಳಿಗುಳ್ಳೆಯನ್ನೂ ಹುಟ್ಟಿಸಬೇಕಾದರೆ ಅವುಗಳಿಗೆ ಬೆಚ್ಚಗಿನ ಜಾಗ ಬೇಕು. ಮಗಳ ಮದುವೆಗೆಂದು ಕೊಂಡಿದ್ದ ದೊಡ್ಡ ಐಸ್‌ಬಾಕ್ಸಿನಲ್ಲಿ ಹಿಟ್ಟಿನ ಪಾತ್ರೆಯನ್ನೂ, ಪಕ್ಕದಲ್ಲಿ ಬಿಸಿನೀರು ತುಂಬಿದ ಸ್ಟೀಲ್ ಡಬ್ಬಿಯನ್ನೂ ಇಟ್ಟು ಮುಚ್ಚಿದೆ. ತಂಪು ಹಿಡಿದಿಡಲು ಮಾಡಿದ ಪೆಟ್ಟಿಗೆ ಶಾಖವನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದಿಡುತ್ತದೆ. ಮಲಗುವ ಮುನ್ನ ನೀರನ್ನೊಮ್ಮೆ ಬದಲಿಸಿದೆ. 13 ಗಂಟೆಗೆ ಹಿಟ್ಟು ಎರಡರಷ್ಟಾಗಿತ್ತು. ಚಳಿಗಾಲ ಮುಗಿಯುವವರೆಗೆ ಉಪ್ಪನ್ನು ಉಬ್ಬಿದ ಮೇಲೆ ಹಾಕುತ್ತೇನೆ, ಏಕೆಂದರೆ ಉಪ್ಪು ಮೊದಲೇ ಸೇರಿದರೆ ಉಬ್ಬುವುದು ಇನ್ನಷ್ಟು ನಿಧಾನ.

ಡಿಸೆಂಬರ್ 7: ಕಾವು

ಹರಿಹರದಲ್ಲಿ ಕೆಲಸ ಮಾಡುವ ಅಕ್ಕನ ಮಗ, ದೂರದಿಂದಲೇ ಕಾವನ್ನು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಒಂದು ವಾರಕ್ಕೆ ಕೊಟ್ಟುಹೋದ. ದೊಡ್ಡ ಉರಿಯಲ್ಲಿ ಐದು ನಿಮಿಷ ಕಾಯಿಸಿ ನೋಡಿದರೆ, ಬರ್ನರಿನ ಉರಿ ತಾಗುವ ಬಳೆಯಾಕಾರದ ಜಾಗ 245 ಡಿಗ್ರಿ, ಅಂಚು 150 ಕೂಡ ಇಲ್ಲ. ನಡುವಿನಲ್ಲಿ ಕರಿ, ಅಂಚಿನಲ್ಲಿ ಹಸಿ ಏಕಾಗಿತ್ತೆಂಬುದಕ್ಕೆ ಉತ್ತರ ಕಣ್ಣೆದುರೇ ಇತ್ತು. ಬೀಡು ಶಾಖವನ್ನು ಅಲ್ಯೂಮಿನಿಯಂನಷ್ಟು ಬೇಗ ಹರಡುವುದಿಲ್ಲ. ಕಟ್ಟಿಗೆ ಒಲೆಯ ಮೇಲಿನ ಹಂಚಿಗೆ ಉರಿ ತಳವನ್ನೆಲ್ಲ ಸವರಿಕೊಂಡು ಹೋಗುತ್ತದೆ, ಕೆಂಡ ಸುತ್ತಲಿಂದ ಕಾಯಿಸುತ್ತದೆ. ಗ್ಯಾಸಿನದು ಒಂದು ಬಳೆ ಮಾತ್ರ.

ಉರಿಯನ್ನು ಸಣ್ಣದು ಮಾಡಿ, 15 ನಿಮಿಷ ಕೊಟ್ಟು, ಮೂರು ಮೂರು ನಿಮಿಷಕ್ಕೆ ಹಂಚನ್ನು ಕಾಲು ಸುತ್ತು ತಿರುಗಿಸಿದೆ. ಬಳೆಯ ಜಾಗ 205, ಅಂಚು 180. ಹಿಟ್ಟು ಹುಯ್ದಾಗ ಚುಂಯ್ ಎಂಬ ಸದ್ದು ಇಡೀ ಸುತ್ತಿನಿಂದ ಒಂದೇ ಸಮನೆ ಬಂತು. ಥರ್ಮಾಮೀಟರ್ ಇಲ್ಲದವರಿಗೆ ನೀರಿನ ಹನಿಯೇ ಸಾಕು: ಚಿಮುಕಿಸಿದ ನೀರು ಕೂತಲ್ಲೇ ಕುದಿದು ಆರಿದರೆ ಕಾವು ಸಾಲದು, ಮುತ್ತಿನಂತೆ ಉರುಳಾಡಿದರೆ ಹೆಚ್ಚಾಗಿದೆ, ಬಿದ್ದೊಡನೆ ಸಿಡಿದು ಮಾಯವಾದರೆ ಸರಿಯಾಗಿದೆ. ಹೆಚ್ಚಾದಾಗ ತಣ್ಣೀರು ಸುರಿದು ಇಳಿಸುವ ಅಭ್ಯಾಸ ಬೀಡಿಗೆ ಸಲ್ಲದು, ಒಮ್ಮೆಲೇ ತಣಿದರೆ ಅದು ಬಿರಿಯುತ್ತದೆ. ಹನಿ ಚಿಮುಕಿಸಿ, ಅರ್ಧ ಹೋಳು ಈರುಳ್ಳಿಯಿಂದ ಉಜ್ಜಿ, ಅರ್ಧ ನಿಮಿಷ ಕಾಯುವುದು ಸುರಕ್ಷಿತ.

ಹಳೆಯ ತವೆಯ ಮೇಲೆ ದಪ್ಪ ದೋಸೆ ಏಕೆ ಬರುತ್ತಿರಲಿಲ್ಲವೆಂಬುದನ್ನೂ ಆ ದಿನ ಲೆಕ್ಕ ಹಾಕಿ ನೋಡಿದೆ. ಒಂದು ಸೌಟು, ಅಂದರೆ 100 ಗ್ರಾಂ ಹಿಟ್ಟನ್ನು ಅಡುಗೆಮನೆಯ ಕಾವಿನಿಂದ 100 ಡಿಗ್ರಿಗೆ ಏರಿಸಲು ಸುಮಾರು 24 ಕಿಲೋಜೂಲ್ ಶಾಖ ಬೇಕು. ಮೂರು ಕಿಲೋ ಬೀಡು ಅಷ್ಟನ್ನು ಕೊಟ್ಟರೆ ಅದರ ಕಾವು 18 ಡಿಗ್ರಿಯಷ್ಟು ಇಳಿಯುತ್ತದೆ. 800 ಗ್ರಾಂ ಅಲ್ಯೂಮಿನಿಯಂ ತವೆಯದು 33 ಡಿಗ್ರಿಯಷ್ಟು ಕುಸಿಯುತ್ತದೆ. ದೋಸೆಯ ತೂತುಗಳು ಹುಟ್ಟುವುದು ಹಿಟ್ಟು ಬಿದ್ದ ಮೊದಲ ಅರ್ಧ ನಿಮಿಷದಲ್ಲಿ, ತಳದಿಂದ ಏಳುವ ಹಬೆ ಒಮ್ಮೆಲೇ ಮೇಲಕ್ಕೆ ನುಗ್ಗಿದಾಗ. ಆ ಹೊತ್ತಿಗೆ ಬೇಕಾದ ಶಾಖವನ್ನು ಉರಿ ಕೊಡುವುದಿಲ್ಲ, ಮೊದಲೇ ಕೂಡಿಟ್ಟುಕೊಂಡ ಕಬ್ಬಿಣ ಕೊಡುತ್ತದೆ. ಹೋಟೆಲಿನ ದೋಸೆಯ ಮುಕ್ಕಾಲು ಪಾಲು ಹಂಚಿನದೆಂದು ನಾನು ಈಗ ನಂಬಿದ್ದೇನೆ.

ಇನ್ನೊಂದು ಸಣ್ಣ ರಿಪೇರಿಯೂ ಆಯಿತು. ದೋಸೆಗಳೆಲ್ಲ ಎಡಬದಿಗೆ ದಪ್ಪವಾಗುತ್ತಿದ್ದವು. ಹಂಚಿನ ನಡುವೆ ಒಂದು ಚಮಚ ಎಣ್ಣೆ ಬಿಟ್ಟು ನೋಡಿದೆ. ಅದು ಮೆಲ್ಲಗೆ ಎಡಕ್ಕೇ ಹರಿಯಿತು. ಗ್ಯಾಸ್ ಒಲೆಯ ಸ್ಟ್ಯಾಂಡಿನ ಒಂದು ಕಾಲು ಹಂಚಿನ ಭಾರಕ್ಕೆ ಬಗ್ಗಿತ್ತು. ಯಜಮಾನರು ಇಕ್ಕಳದಿಂದ ನೇರ ಮಾಡಿಕೊಟ್ಟರು.

ಡಿಸೆಂಬರ್ 14

ಹಿಟ್ಟು ಸರಿಯಾಯಿತು, ಹಂಚು ಸರಿಯಾಯಿತು, ಅಡುಗೆ ಸೋಡಾದಲ್ಲಿ ಕೈ ತಪ್ಪಿತು. ತೂತುಗಳು ಇನ್ನಷ್ಟು ಬರಲೆಂದು ಒಂದು ಲೀಟರ್ ಹಿಟ್ಟಿಗೆ ಮುಕ್ಕಾಲು ಚಮಚ ಹಾಕಿದೆ. ಹಿಟ್ಟಿನ ಹುಳಿಯೆಲ್ಲ ತೀರಿದ ಮೇಲೂ ಸೋಡಾ ಉಳಿದು, ದೋಸೆ ಕೆಂಪು ಮೀರಿ ಕಂದಾಯಿತು, ನಾಲಿಗೆಗೆ ಸಾಬೂನಿನ ರುಚಿ ಹತ್ತಿತು. ಈಗ ಲೀಟರಿಗೆ ಒಂದು ಗ್ರಾಂ, ಅಂದರೆ ಕಾಲು ಚಮಚಕ್ಕೂ ಕಡಿಮೆ, ಅದೂ ಹುಯ್ಯುವ ಹೊತ್ತಿಗೆ ಬೇಕಾದಷ್ಟು ಹಿಟ್ಟಿಗೆ ಮಾತ್ರ.

ಬೆಣ್ಣೆಗೆ ಎಮ್ಮೆ ಹಾಲೇ ಆಗಬೇಕು. ಆಕಳ ಬೆಣ್ಣೆಯ ಹಳದಿ ಬಣ್ಣ ಅದರಲ್ಲಿರುವುದಿಲ್ಲ, ಕೊಬ್ಬೂ ಹೆಚ್ಚು. ದಿನವೂ ಒಂದು ಲೀಟರ್ ಹಾಲಿನ ಕೆನೆಯನ್ನು ಎಂಟು ದಿನ ಫ್ರಿಜ್ಜಿನಲ್ಲಿ ಕೂಡಿಹಾಕಿ, ಒಂದು ಚಮಚ ಮೊಸರು ಹೆಪ್ಪು ಬೆರೆಸಿ ರಾತ್ರಿ ಬಿಟ್ಟು, ತಣ್ಣೀರು ಸೇರಿಸಿ ಕಡೆದಾಗ 310 ಗ್ರಾಂ ಬೆಣ್ಣೆ ಬಂತು. ಕಡೆಗೋಲನ್ನು ಅತ್ತೆಯವರು ತಾವೇ ಕೇಳಿ ಪಡೆದು, ಕೂತಲ್ಲೇ ಹತ್ತು ನಿಮಿಷ ಕಡೆದರು; ಉಳಿದದ್ದನ್ನು ನಾನು ಮುಗಿಸಿದೆ. ತೊಳೆದ ಮೇಲೂ ಮನೆಯ ಬೆಣ್ಣೆಯಲ್ಲಿ ನೀರು ಸಾಕಷ್ಟು ಉಳಿದಿರುತ್ತದೆ. ಹಿಟ್ಟು ಹಸಿಯಿರುವಾಗಲೇ ಹಾಕಿದರೆ ಆ ನೀರು ತೂತುಗಳಲ್ಲಿ ಇಳಿದು ದೋಸೆಯನ್ನು ತೊಯ್ಯಿಸುತ್ತದೆ. ಹಂಚಿಗೆ ಮೊದಲೇ ಸವರಿದರೆ ಬೆಣ್ಣೆಯಲ್ಲಿರುವ ಹಾಲಿನಂಶ ಸುಟ್ಟು ಕಪ್ಪು ಚುಕ್ಕೆಗಳಾಗುತ್ತವೆ. ಮೇಲಿನ ಹಸಿ ಹೊಳಪು ಪೂರ್ತಿ ಆರಿದ ಮೇಲೆ ಅರ್ಧ ಬೆಣ್ಣೆಯನ್ನು ಮೇಲೆ, ಅರ್ಧವನ್ನು ಅಂಚಿನ ಸುತ್ತ ಬಿಟ್ಟರೆ, ಅಂಚಿನದು ತಳಕ್ಕೆ ಹರಿದು ನೊರೆಯೆದ್ದು ಗರಿ ಮಾಡುತ್ತದೆ, ಮೇಲಿನದು ಕರಗಿ ತೂತುಗಳಲ್ಲಿ ನಿಲ್ಲುತ್ತದೆ. ಆ ನೊರೆ ಅಡಗಿ, ಹುರಿದ ಕಡಲೆಬೀಜದಂಥ ಪರಿಮಳ ಎದ್ದಾಗ ದೋಸೆಯನ್ನು ಎತ್ತಬೇಕು. ಒಂದು ದೋಸೆಗೆ 15 ಗ್ರಾಂ ಬೆಣ್ಣೆ ಹಾಕಿದೆ.

ಪಲ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೇಯಿಸಿ ನುಣ್ಣಗೆ ಹಿಸುಕಿದ ಆಲೂಗಡ್ಡೆ, ಮೆತ್ತಗಾದ ಈರುಳ್ಳಿ, ಉಪ್ಪು, ಒಂದೆರಡು ಸೀಳು ಹಸಿಮೆಣಸಿನಕಾಯಿ. ಅರಿಶಿನ ಬೇಡ, ಬಿಳಿಯಾಗಿಯೇ ಇರಲಿ. ಚಟ್ನಿಗೆ ಹಸಿಕಾಯಿ, ಪುಟಾಣಿ, ಹಸಿಮೆಣಸಿನಕಾಯಿ ರುಬ್ಬಿ ನೀರಾಗಿಯೇ ಇಟ್ಟೆ. ತೂತಿನ ದೋಸೆ ಗಟ್ಟಿ ಚಟ್ನಿಯನ್ನು ಹೀರುವುದಿಲ್ಲ.

ಡಿಸೆಂಬರ್ 21: ಅತ್ತೆಯವರ ದೋಸೆ

ಹೋಟೆಲಿನಂತೆ ಬಂದ ದೋಸೆ ಮನೆಮಂದಿಗೆಲ್ಲ ಹಿಡಿಸಿತು, ಅತ್ತೆಯವರಿಗೆ ಮಾತ್ರ ತಳದ ಗರಿ ಒಸಡಿಗೆ ಚುಚ್ಚಿತು. ಅವರಿಗೆ ಉಳಿದಿರುವುದು ಐದೇ ಹಲ್ಲು. ಮೆತ್ತಗೆ ಮಾಡಿದರೆ ಪಾರ್ಸೆಲ್ ದೋಸೆಯೇ ಆದೀತೆಂಬ ಭಯ ನನಗಿತ್ತು. ನಾಲ್ಕು ಬಗೆಯಲ್ಲಿ ಮಾಡಿ ನೋಡಿದ ಮೇಲೆ ಒಂದು ದಾರಿ ಸಿಕ್ಕಿತು. ಹಿಟ್ಟನ್ನು 80 ಗ್ರಾಮಿಗೆ ಇಳಿಸಿ, ಸೌಟಿನಿಂದ ಸುತ್ತು ಎಳೆಯದೆ ತಾನಾಗಿ ಹರಡಲು ಬಿಡಬೇಕು. ಹಂಚು 205ರ ಬದಲು 185 ಡಿಗ್ರಿಯಲ್ಲಿರಬೇಕು. ತೂತುಗಳು ಬಿದ್ದ ಮೇಲೆ, ಮುಂಚೆ ಅಲ್ಲ, ಮುಚ್ಚಳ ಮುಚ್ಚಿ 40 ಸೆಕೆಂಡು ಬಿಡಬೇಕು. ಮೊದಲೇ ಮುಚ್ಚಿದರೆ ಹಬೆಯ ಹನಿಗಳು ಬಿದ್ದು ತೂತುಗಳು ಮುಚ್ಚಿಕೊಳ್ಳುತ್ತವೆ. ಬೆಣ್ಣೆ 10 ಗ್ರಾಂ, ಎಲ್ಲವೂ ಮೇಲೆ, ಅಂಚಿಗೆ ಇಲ್ಲ. ತಳ ಕೆಂಪಾಗದೆ ಹೊಂಬಣ್ಣಕ್ಕೆ ಬಂದಾಗ ಎತ್ತಿದರೆ ಬೆರಳಲ್ಲಿ ಮುರಿಯುವಷ್ಟು ಮೃದುವಾಗಿಯೂ, ಬೆಣ್ಣೆಯ ಪರಿಮಳ ಉಳಿದೂ ಇರುತ್ತದೆ. ಚಟ್ನಿಗೆ ಅವರ ಪಾಲಿನಲ್ಲಿ ಮೆಣಸಿನಕಾಯಿ ಅರ್ಧ.

ಒಲೆಯ ಪಕ್ಕದಲ್ಲೇ ಅವರ ಕುರ್ಚಿ ಹಾಕಿ, ಹಂಚಿನಿಂದ ನೇರವಾಗಿ ತಟ್ಟೆಗೆ ಹಾಕಿದೆ. ಮೊದಲನೆಯದನ್ನು ಮಾತಿಲ್ಲದೆ ತಿಂದರು. ಎರಡನೆಯದರ ನಡುವೆ, ಮಾವನವರು ಗಿರಣಿಯ ರಾತ್ರಿ ಪಾಳಿ ಮುಗಿಸಿ ಬರುವಾಗ ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ತರುತ್ತಿದ್ದ ದೋಸೆಯ ಮಾತು ತೆಗೆದರು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹೊಗಿ ವಾಸ್ನಿ ಇಲ್ಲ ನೋಡವ್ವ ಇದಕ್ಕ" ಎಂದರು. ನಿಜವೇ, ಗ್ಯಾಸಿನ ಉರಿಯಲ್ಲಿ ಕಟ್ಟಿಗೆಯ ಹೊಗೆ ಬರಲಾರದು. ನಮ್ಮ ಹಿತ್ತಲಿನಲ್ಲಿ ನೀರು ಕಾಯಿಸುವ ಹಳೆಯ ಒಲೆಯೊಂದಿದೆ, ಅದರ ಬಾಯಿ 24 ಸೆಂಟಿಮೀಟರ್, ಹಂಚು ಕೂರುತ್ತದೆ. ಒಡೆದ ಒಂದು ಅಂಚನ್ನು ಮಣ್ಣು ಮೆತ್ತಿ ಸರಿಪಡಿಸಬೇಕು, ಹಿತ್ತಲಿನ ಎರಡು ಮೆಟ್ಟಿಲಿಗೆ ವಾಕರ್ ಇಳಿಯುವಂತೆ ಹಲಗೆ ಹಾಕಬೇಕು. ಮಣ್ಣು ತಂದಾಗಿದೆ. ಹಂಚನ್ನು ಬಿಸಿಯಿರುವಾಗಲೇ ಒರೆಸಿ, ಸಾಬೂನು ಮುಟ್ಟಿಸದೆ, ಎರಡು ಹನಿ ಎಣ್ಣೆ ಸವರಿ, ಅಟ್ಟದ ಬದಲು ಒಲೆಯ ಪಕ್ಕದ ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ.